ಒಣಗಿತ್ತು, ಬಿಗಿದಿರಲಿಲ್ಲ: ಜಗುಲಿ ಗೋಡೆಗೆ ಚಿಪ್ಪಿನ ಸುಣ್ಣದ ಗಿಲಾವು

ನಮ್ಮ ಮನೆ ಕುಮಟಾ ಕಡೆ, ಅಘನಾಶಿನಿ ಹೊಳೆಯ ದಂಡೆಯಿಂದ ಸ್ವಲ್ಪ ಮೇಲೆ. ಚಿರೆಕಲ್ಲಿನ ಗೋಡೆ, ನಡುವೆ ಮಣ್ಣು, ಮೇಲೆ ಸುಣ್ಣದ ಗಿಲಾವು. ಅಜ್ಜನ ಕಾಲದ್ದು. ಹನ್ನೊಂದು ವರ್ಷದ ಹಿಂದೆ ಜಗುಲಿಯ ಪಡುವಣ ಗೋಡೆಯ ಬುಡದಲ್ಲಿ ಗಿಲಾವು ಉದುರಿತ್ತು. ಆಗ ಅಲ್ಲಿ ಸಿಮೆಂಟ್ ಬಳಿಸಿದೆವು. ನಾಲ್ಕು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಉಬ್ಬಿತು. ಈ ಸಲ ಮಳೆ ನಿಂತ ಮೇಲೆ ಬೆರಳಲ್ಲಿ ತಟ್ಟಿದರೆ ಒಳಗೆ ಟೊಳ್ಳು ಸದ್ದು.

ಅಗಲ ಆರು ಅಡಿ, ಎತ್ತರ ನಾಲ್ಕು ಅಡಿ, ಅಷ್ಟೇ ಜಾಗ. ಅದನ್ನು ಮತ್ತೆ ಸುಣ್ಣದಲ್ಲೇ ಸರಿಮಾಡಬೇಕು ಅಂತ ಹೊರಟೆ. ಹದಿನೈದು ದಿನದ ಕೆಲಸ ಅಂದುಕೊಂಡಿದ್ದೆ. ಆರು ತಿಂಗಳು ಹಿಡಿಯಿತು. ಅದರಲ್ಲಿ ಜಾಸ್ತಿ ಸಮಯ ಹೋದದ್ದು ಕಾಯುವುದರಲ್ಲಿ. ಯಾಕೆ ಕಾಯಬೇಕು ಅನ್ನುವುದು ನನಗೆ ಒಂದು ಸಲ ಕೆಟ್ಟ ಮೇಲೆಯೇ ತಿಳಿದದ್ದು.

ಅಕ್ಟೋಬರ್ 20

ಉಳಿ, ಸುತ್ತಿಗೆ ತಗೊಂಡು ಸಿಮೆಂಟ್ ತೆಗೆದೆ. ದೊಡ್ಡ ದೊಡ್ಡ ಹಪ್ಪಳದ ಹಾಗೆ ಎದ್ದು ಬಂತು. ಸಿಮೆಂಟ್ ಗಟ್ಟಿಯಾಗಿಯೇ ಇತ್ತು. ಹಾಳಾಗಿದ್ದು ಅದರ ಹಿಂದಿನ ಚಿರೆಕಲ್ಲು. ಒಂದು ಇಂಚು ಆಳದವರೆಗೆ ಪುಡಿಪುಡಿ. ಕಲ್ಲಿನ ಮೇಲೆ ಬಿಳಿ ಹತ್ತಿಯಂಥ ಏನೋ ಬೆಳೆದಿತ್ತು.

ಈ ಬಿಳಿ ಏನು ಅಂತ ಮೊದಲು ಗೊತ್ತಾಗಬೇಕಿತ್ತು. ಸುಣ್ಣವೂ ಬಿಳಿ, ಉಪ್ಪೂ ಬಿಳಿ. ಕೆರೆದು ಎರಡು ಪಾಲು ಮಾಡಿದೆ. ಒಂದರ ಮೇಲೆ ನಿಂಬೆರಸ ಹಿಂಡಿದೆ. ನೊರೆ ಬರಲಿಲ್ಲ. ಹಳೆ ಸುಣ್ಣವಾಗಿದ್ದರೆ ಬುರಬುರ ಅನ್ನಬೇಕಿತ್ತು. ಇನ್ನೊಂದನ್ನು ಒಂದು ಚಮಚ ನೀರಿಗೆ ಹಾಕಿದೆ. ಪೂರ್ತಿ ಕರಗಿತು. ಆ ಚಮಚವನ್ನು ದೀಪದ ಮೇಲೆ ಹಿಡಿದೆ. ನೀರು ಹೋಯಿತು, ಬಿಳಿ ಹರಳು ವಾಪಸ್ಸು ಬಂತು. ಹಾಗಾದರೆ ಇದು ಉಪ್ಪು. ಹೊಳೆಗೆ ಕಡಲ ನೀರು ಏರುವ ಜಾಗ ನಮ್ಮದು, ನೆಲದ ತೇವದಲ್ಲಿ ಉಪ್ಪು ಇದ್ದೇ ಇರುತ್ತದೆ.

ನೆಲದ ತೇವ ಗೋಡೆ ಹತ್ತುತ್ತದೆ. ಅದರ ಜೊತೆ ಉಪ್ಪೂ ಹತ್ತುತ್ತದೆ. ಸುಣ್ಣದ ಗಿಲಾವು ಇದ್ದಾಗ ತೇವ ಅದರ ಮೂಲಕ ಹೊರಗೆ ಬಂದು ಆರುತ್ತಿತ್ತು, ಉಪ್ಪು ಹೊರಮೈಯಲ್ಲಿ ಪುಡಿಯಾಗಿ ಕೂರುತ್ತಿತ್ತು, ಅಮ್ಮ ಪೊರಕೆಯಲ್ಲಿ ಗುಡಿಸಿಬಿಡುತ್ತಿದ್ದಳು. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಸಿಮೆಂಟಿನ ಹಿಂದೆಯೇ ಆರಿತು. ಉಪ್ಪು ಕಲ್ಲಿನ ಸಣ್ಣ ಸಣ್ಣ ರಂಧ್ರಗಳ ಒಳಗೇ ಹರಳುಗಟ್ಟಿತು. ಹರಳು ಬೆಳೆಯುತ್ತಾ ರಂಧ್ರದ ಗೋಡೆಯನ್ನು ತಳ್ಳಿತು. ಮಳೆಗಾಲದಲ್ಲಿ ಕರಗಿ, ಬೇಸಿಗೆಯಲ್ಲಿ ಮತ್ತೆ ಹರಳಾಗಿ, ವರ್ಷವರ್ಷವೂ ಅದೇ. ಕಲ್ಲು ಹಿಟ್ಟಾಯಿತು.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ನೆನಪಿದೆ. ಉಪ್ಪು ಕರಗುವುದು ಭೌತಿಕ ಬದಲಾವಣೆ, ಅದನ್ನು ಹಿಂದಕ್ಕೆ ತಿರುಗಿಸಬಹುದು. ಕಾಗದ ಸುಡುವುದು ರಾಸಾಯನಿಕ ಬದಲಾವಣೆ, ತಿರುಗಿಸಲು ಆಗುವುದಿಲ್ಲ. ಉಪ್ಪಿನ ಮಟ್ಟಿಗೆ ಅದು ಸರಿ. ನನ್ನ ಚಮಚದಲ್ಲಿ ಉಪ್ಪು ಉಪ್ಪಾಗಿಯೇ ಉಳಿದಿತ್ತು. ಆದರೆ ಕಲ್ಲು ತಿರುಗಿ ಬರಲಿಲ್ಲ. ಈ ಪಾಠದ ಉಳಿದ ಅರ್ಧವೂ ಸುಣ್ಣದ ಹತ್ತಿರ ನಿಲ್ಲುವುದಿಲ್ಲ, ಅದು ಮುಂದೆ ಬರುತ್ತದೆ.

ಉಪ್ಪನ್ನು ನೀರು ಹೊಯ್ದು ತೊಳೆಯಬಾರದು. ತೊಳೆದರೆ ಕರಗಿ ಮತ್ತೆ ಕಲ್ಲೊಳಗೆ ಹೋಗುತ್ತದೆ. ಮೊದಲು ಒಣ ಬ್ರಷ್ಷಿನಲ್ಲಿ ಉಜ್ಜಿ, ಪುಡಿಯಾದ ಕಲ್ಲನ್ನೆಲ್ಲ ಕೆರೆದೆ. ಹಳೆ ಪೇಪರ್ ನೆನೆಸಿ, ರುಬ್ಬಿ, ಗೋಡೆಗೆ ದಪ್ಪಕ್ಕೆ ಮೆತ್ತಿದೆ. ಆ ತೇವಕ್ಕೆ ಉಪ್ಪು ಕರಗಿ ಪೇಪರಿನೊಳಗೆ ಬರುತ್ತದೆ. ಒಂದು ವಾರಕ್ಕೆ ಒಣಗಿ ತಾನೇ ಬಿಟ್ಟಿತು. ಎರಡು ಸಲ ಮಾಡಿದೆ. ಎರಡನೇ ಸಲದ ಪೇಪರಿನಲ್ಲಿ ಬಿಳಿ ಅಂಚು ಬಹಳ ಕಡಿಮೆ ಇತ್ತು.

ನವೆಂಬರ್ 3

ಸುಣ್ಣ ತರಲು ಹೋದೆ. ನಮ್ಮ ಕಡೆ ಸುಣ್ಣ ಅಂದರೆ ಚಿಪ್ಪಿನ ಸುಣ್ಣ. ಹೊಳೆಯಲ್ಲಿ ಬಳಚು ಹೆಕ್ಕುತ್ತಾರೆ, ತಿಂದ ಮೇಲೆ ಚಿಪ್ಪು ಉಳಿಯುತ್ತದೆ. ಹೊಳೆಯ ತಳದಲ್ಲಿ ಹಳೆಯ ಚಿಪ್ಪಿನ ರಾಶಿಯೂ ಇದೆ. ಅದನ್ನು ಗೂಡಿನಲ್ಲಿ ಸುಟ್ಟರೆ ಸುಣ್ಣ. ಒಂದು ಅಂಗಡಿಯಲ್ಲಿ ಸುಟ್ಟ ಚಿಪ್ಪಿನ ಚೀಲ ಇದೆ ಅಂದರು. ತಂದು ಒಂದು ಹಿಡಿ ನೀರಿಗೆ ಹಾಕಿದೆ. ಸುಮ್ನೆ ಮುಳುಗಿತು. ಬಿಸಿ ಇಲ್ಲ, ಸದ್ದು ಇಲ್ಲ. ಬಾಯಿ ಬಿಚ್ಚಿದ ಚೀಲ ಎಷ್ಟು ತಿಂಗಳು ಅಲ್ಲಿ ಕೂತಿತ್ತೋ, ಗಾಳಿಯ ತೇವಕ್ಕೇ ಅರಳಿ, ಗಾಳಿಯನ್ನೇ ಕುಡಿದು, ಮತ್ತೆ ಸುಣ್ಣದ ಕಲ್ಲಿನ ಪುಡಿಯಾಗಿತ್ತು. ನಿಂಬೆರಸ ಹಾಕಿದರೆ ನೊರೆಯೋ ನೊರೆ. ಸುಣ್ಣ ಕೊಳ್ಳುವವರು ಈ ಎರಡು ಪರೀಕ್ಷೆ ಅಂಗಡಿ ಮುಂದೆಯೇ ಮಾಡಿಬಿಡಿ. ಒಳ್ಳೆಯ ಸುಟ್ಟ ಸುಣ್ಣ ನೀರಿಗೆ ಸಿಡಿಯಬೇಕು, ನಿಂಬೆಗೆ ಜಾಸ್ತಿ ನೊರೆ ಬರಬಾರದು.

ನವೆಂಬರ್ 8

ಗೂಡಿನಿಂದ ಹೊಸ ಸುಣ್ಣ ಬರಲು ನಾಲ್ಕು ದಿನ ಅಂದರು. ಅಷ್ಟರಲ್ಲಿ ನಾನೇ ಒಂದಿಷ್ಟು ಸುಟ್ಟು ನೋಡೋಣ ಅನ್ನಿಸಿತು. ಗಿಲಾವಿಗೆ ಸಾಲುವಷ್ಟಲ್ಲ, ತೂಗಿ ನೋಡಲು.

ತೊಳೆದು ಒಣಗಿಸಿದ ಚಿಪ್ಪು 500 ಗ್ರಾಂ. ಅಂಗಳದಲ್ಲಿ ಮಣ್ಣಿನ ಒಲೆ, ಗೆರಟೆ ಇದ್ದಿಲು, ಗಾಳಿಗೆ ಹಳೆಯ ಬ್ಲೋವರ್. ಇದನ್ನು ಮನೆಯೊಳಗೆ ಮಾಡಲೇಬಾರದು, ಇದ್ದಿಲ ಹೊಗೆಯಿಲ್ಲದ ಗಾಳಿಯೂ ಪ್ರಾಣ ತೆಗೆಯುತ್ತದೆ. ಚಿಪ್ಪು ಕೆಂಪಗಾದರೆ ಸಾಲದು, ಕಿತ್ತಳೆ ಬಣ್ಣಕ್ಕೆ ಬರಬೇಕು. ಸುಮಾರು 900 ಡಿಗ್ರಿ ಆದಾಗಲೇ ಕೆಲಸ ನಡೆಯುವುದು. ನಾಲ್ಕು ಗಂಟೆ ಕಾಯಿಸಿದೆ. ಆರಿದ ಮೇಲೆ ತೂಗಿದರೆ 296 ಗ್ರಾಂ.

ಚಿಪ್ಪಿನ ಆಕಾರ ಹಾಗೇ ಇತ್ತು. ಗೆರೆಗಳೂ ಹಾಗೇ. ಆದರೆ 204 ಗ್ರಾಂ ಮಾಯ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 100 ಗ್ರಾಂ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹಾರಿ, 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನನ್ನ ಲೆಕ್ಕಕ್ಕೆ 220 ಗ್ರಾಂ ಹೋಗಬೇಕಿತ್ತು. 16 ಗ್ರಾಂ ಕಡಿಮೆ ಹೋಗಿದೆ, ಅಂದರೆ ಒಳಗೆ ಒಂದಿಷ್ಟು ಚಿಪ್ಪು ಬೇಯದೆ ಉಳಿದಿದೆ. ಒಲೆಗೆ ಅಷ್ಟೇ ಶಕ್ತಿ.

ಸುಣ್ಣ ಯಾಕೆ ಸುಡುತ್ತದೆ, ಕೈಗೆ ಹತ್ತಿದರೆ ಉರಿ ಯಾಕೆ ಅಂತ ಹಿಂದಿನವರು ಕೇಳಿಕೊಂಡಾಗ, ಬೆಂಕಿಯ ಒಂದಂಶ ಕಲ್ಲಿನೊಳಗೆ ಹೊಕ್ಕು ಕೂತಿರುತ್ತದೆ ಅಂದುಕೊಂಡಿದ್ದರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕ್ 1750ರ ದಶಕದಲ್ಲಿ ತಕ್ಕಡಿ ಹಿಡಿದು ಅದು ತಪ್ಪು ಅಂತ ತೋರಿಸಿದ. ಸುಟ್ಟಾಗ ಕಲ್ಲಿಗೆ ಏನೂ ಸೇರುವುದಿಲ್ಲ, ಕಲ್ಲಿನಿಂದ ಒಂದು ಬಗೆಯ ಗಾಳಿ ಹೋಗುತ್ತದೆ, ಅದೇ ಗಾಳಿ ವಾಪಸ್ಸು ಸೇರಿದರೆ ಸುಣ್ಣ ಮತ್ತೆ ಸಪ್ಪೆಯಾಗುತ್ತದೆ. ನಾವು ಈಗ ಇಂಗಾಲದ ಡೈಆಕ್ಸೈಡ್ ಅನ್ನುವುದು ಅದನ್ನೇ. ಅಡುಗೆಮನೆಯ ತಕ್ಕಡಿಯಲ್ಲಿ ಆ 204 ಗ್ರಾಂ ಕಾಣೆಯಾದದ್ದನ್ನು ನೋಡಿದಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತು.

ಇನ್ನೊಂದು ತೂಕ ಮಾಡಿದೆ. ಸುಟ್ಟ ಚಿಪ್ಪು 50 ಗ್ರಾಂ ಒಂದು ಮಣ್ಣಿನ ಕುಡಿಕೆಯಲ್ಲಿ ಇಟ್ಟು, ಮೇಲೆ ನೀರು ಚಿಮುಕಿಸಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಿಟಚಿಟ ಅಂತ ಬಿರಿಯಿತು, ಆವಿ ಎದ್ದಿತು, ಚಿಪ್ಪು ಉಬ್ಬಿ ಉಬ್ಬಿ ಹೂವಿನ ಹಾಗೆ ಬಿಚ್ಚಿಕೊಂಡು ಪುಡಿಯಾಯಿತು. ಸುಣ್ಣ ಅರಳುವುದು ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ. ಪುಡಿ ಕೈಗೆ ಒಣ ಹಿಟ್ಟಿನ ಹಾಗಿತ್ತು. ತೂಗಿದರೆ 64 ಗ್ರಾಂ. ಆ ಒಣ ಹಿಟ್ಟಿನೊಳಗೆ 14 ಗ್ರಾಂ ನೀರು ಇದೆ. ಅದು ಹಿಂಡಿದರೆ ಬರುವ ನೀರಲ್ಲ, ಬಿಸಿಲಿಗೆ ಆರುವ ನೀರೂ ಅಲ್ಲ. ಸುಣ್ಣದ ಭಾಗವೇ ಆಗಿಬಿಟ್ಟಿದೆ.

ನವೆಂಬರ್ 12

ಗೂಡಿನ ಸುಣ್ಣ 10 ಕಿಲೋ ಬಂತು. ಅರಳಿಸುವ ಕೆಲಸ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅನ್ನುವ ಗಾದೆ ಕಟ್ಟಿದವರು ಸುಣ್ಣ ಕಣ್ಣಿಗೆ ಬಿದ್ದದ್ದನ್ನು ಕಂಡವರೇ ಇರಬೇಕು. ದೃಷ್ಟಿಯೇ ಹೋಗಬಹುದು. ಹಾಗಾಗಿ ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ. ಮಕ್ಕಳು, ನಾಯಿ ಎಲ್ಲ ಹಿತ್ತಲಿಗೆ.

ಪಾತ್ರೆ ಕಬ್ಬಿಣದ್ದು. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಮೆತ್ತಗಾಗುತ್ತದೆ. ಪಕ್ಕದ ಮನೆಯವರು ಪ್ರೀತಿಯಿಂದ ಹಳೆಯ ಅಲ್ಯೂಮಿನಿಯಂ ಪಾತ್ರೆ ಕೊಡಲು ಬಂದರು, ಬೇಡ ಅಂದೆ. ಸುಣ್ಣದ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಆಗ ಹೈಡ್ರೋಜನ್ ಹೊರಬರುತ್ತದೆ. ಅದು ಹೊತ್ತಿಕೊಳ್ಳುವ ಅನಿಲ.

ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. 8 ಲೀಟರ್ ನೀರು, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ 2 ಕಿಲೋ ಸುಣ್ಣ. ನೀರು ಮೊದಲು 28 ಡಿಗ್ರಿ. ಹತ್ತು ನಿಮಿಷಕ್ಕೆ 78 ಡಿಗ್ರಿ. ಕೆಳಗೆ ಬೆಂಕಿ ಇಲ್ಲ, ಬಿಸಿಲೂ ಇಲ್ಲ. ಗೂಡಿನಲ್ಲಿ ಕಟ್ಟಿಗೆ ಸುಟ್ಟು ತುಂಬಿದ ಶಕ್ತಿಯ ಒಂದು ಪಾಲು ನನ್ನ ಅಂಗಳದಲ್ಲಿ ಹೀಗೆ ವಾಪಸ್ಸು ಬಂತು. ನೀರು ಕಡಿಮೆ ಹಾಕಿದ್ದರೆ ಕುದಿದು ಮೇಲಕ್ಕೆ ಸಿಡಿಯುತ್ತಿತ್ತು.

ಐದು ಸಲ ಹೀಗೆ ಮಾಡಿ, ಜರಡಿ ಹಿಡಿದು, ಮಣ್ಣಿನ ಹಂಡೆಯಲ್ಲಿ ತುಂಬಿ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿದೆ. ನೀರು ನಿಂತಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ಸುಣ್ಣ ವರ್ಷಗಟ್ಟಲೆ ಕೆಡುವುದಿಲ್ಲ. ದಿನ ಕಳೆದ ಹಾಗೆ ಬೆಣ್ಣೆಯ ಹದಕ್ಕೆ ಬರುತ್ತದೆ. ಮೂರನೇ ದಿನ ನೋಡಿದರೆ ತಿಳಿ ನೀರಿನ ಮೇಲೆ ತೆಳ್ಳಗೆ ಗಾಜಿನಂಥ ಕೆನೆ ಕಟ್ಟಿತ್ತು. ಬೆರಳಿಂದ ಮುಟ್ಟಿದರೆ ಚೂರಾಗುತ್ತಿತ್ತು. ಹಂಡೆಯ ನೀರು ಗಾಳಿಯನ್ನು ಮುಟ್ಟುವ ಜಾಗದಲ್ಲಿ ಆಗಲೇ ಕಲ್ಲು ಹುಟ್ಟುತ್ತಿತ್ತು. ಆ ದಿನ ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದರೆ ಮುಂದಿನ ತಪ್ಪು ಆಗುತ್ತಿರಲಿಲ್ಲ.

ನವೆಂಬರ್ 30

ಹೊಳೆಯ ಮೇಲ್ಭಾಗದ ಸಿಹಿನೀರಿನ ಮರಳು, ಮೂರು ಸಲ ತೊಳೆದದ್ದು. ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಚೆನ್ನಾಗಿ ತುಳಿದು, ಕುಟ್ಟಿ, ಎರಡು ಅಡಿ ಅಗಲದ ಜಾಗಕ್ಕೆ ಒಂದೇ ಏಟಿಗೆ 20 ಮಿಲಿಮೀಟರ್ ದಪ್ಪ ಬಳಿದೆ. ಕರಣಿಯಲ್ಲಿ ನುಣ್ಣಗೆ ಎಳೆದೆ. ಪಡುವಣ ಗೋಡೆ, ಮಧ್ಯಾಹ್ನದ ಮೇಲೆ ಪೂರ್ತಿ ಬಿಸಿಲು. ಬೇಗ ಒಣಗಲಿ ಅಂತ ರಾತ್ರಿ ಟೇಬಲ್ ಫ್ಯಾನ್ ಕೂಡ ಇಟ್ಟೆ.

ಎರಡೇ ದಿನಕ್ಕೆ ಹಾಲಿನ ಹಾಗೆ ಬೆಳ್ಳಗಾಯಿತು. ನೋಡಿದವರೆಲ್ಲ ಚೆನ್ನಾಗಿದೆ ಅಂದರು.

ಡಿಸೆಂಬರ್ 4

ಕೈಯಾಡಿಸಿದರೆ ಅಂಗೈ ತುಂಬಾ ಬಿಳಿ. ಉಗುರಲ್ಲಿ ಕೆರೆದರೆ ಮರಳು ಉದುರಿತು. ಜೇಡನ ಬಲೆಯ ಹಾಗೆ ಬಿರುಕು.

ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದೆ. ಸಿಮೆಂಟ್ ಬರುವ ಮೊದಲು ಸುಣ್ಣದಲ್ಲಿ ಕೈ ಆಡಿಸಿದವರು. ಅವರು ಗೋಡೆ ಮುಟ್ಟಿದ ಕೂಡಲೇ ಕೇಳಿದರು, ‘ತಮಾ, ಇದಕ್ಕೆ ಎಷ್ಟು ದಿನ ನೀರು ಹೊಡೆದೆ?’

‘ನೀರು ಹೊಡೆಯಲಿಲ್ಲ ಅಜ್ಜ. ಒಣಗಲಿ ಅಂತ ಬಿಟ್ಟೆ.’

‘ಒಣಗಿದೆ. ಬಿಗಿದಿಲ್ಲ.’

ಅವರು ಒಂದು ಲೋಟ ನೀರು ತರಿಸಿ ನನ್ನ ಗಿಲಾವಿನ ಒಂದು ಚೂರು ಹಾಕಿದರು. ಒಂದು ನಿಮಿಷದಲ್ಲಿ ಅದು ಕುಸಿದು ತಳದಲ್ಲಿ ಕೆಸರಾಯಿತು. ಇನ್ನೊಂದು ಲೋಟಕ್ಕೆ ಅಜ್ಜನ ಕಾಲದ ಗಿಲಾವಿನ ಚೂರು. ನಾಲ್ಕು ಗುಳ್ಳೆ ಬಂತು, ಕಲ್ಲಿನ ಹಾಗೆ ಕೂತಿತು. ಆ ಲೋಟ ಒಂದು ವಾರ ಕಿಟಕಿಯಲ್ಲಿ ಹಾಗೇ ಇಟ್ಟಿದ್ದೆ. ಅಂಚು ಕೂಡ ಕರಗಲಿಲ್ಲ.

ಎರಡೂ ಸುಣ್ಣ ಮತ್ತು ಮರಳು. ಎರಡೂ ಒಣಗಿದ್ದವು. ಹಾಗಾದರೆ ವ್ಯತ್ಯಾಸ ಎಲ್ಲಿ?

ಅಮ್ಮನೇ ಸುಳಿವು ಕೊಟ್ಟದ್ದು. ಹಳೆಯದರಲ್ಲಿ ಸುಣ್ಣದ ಖಾರ ಉಳಿದಿಲ್ಲವೇನೋ ಅಂತ ನಾನು ಗೊಣಗುತ್ತಿದ್ದೆ. ‘ಅರಿಶಿನ ಹಚ್ಚಿ ನೋಡು, ಸುಣ್ಣ ಇದ್ದರೆ ಓಕುಳಿ ಆಗ್ತದಲ್ವಾ’ ಅಂದಳು. ಆರತಿ ತಟ್ಟೆಯ ಕೆಂಪು ನೀರು ಅಂದರೆ ಅದೇ, ಅರಿಶಿನದ ನೀರಿಗೆ ಚೂರು ಸುಣ್ಣ. ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತದೆ. ಅರಿಶಿನದ ನೀರನ್ನು ಮುರಿದ ಅಂಚಿಗೆ ಹಚ್ಚಿದೆ. ನನ್ನ ಗಿಲಾವು ಪೂರ್ತಿ ಕೆಂಪು, ಹೊರಮೈಯಲ್ಲಿ ಮಾತ್ರ ಒಂದು ಕಾಗದದಷ್ಟು ಹಳದಿ ಗೆರೆ. ಅಜ್ಜನ ಕಾಲದ ಗಿಲಾವು ಅಂಚಿನಿಂದ ಅಂಚಿಗೆ ಹಳದಿ. ನಿಂಬೆರಸವೂ ಅದನ್ನೇ ಹೇಳಿತು. ಹಳೆಯದು ಬುರಬುರ ನೊರೆ ಎದ್ದಿತು. ನನ್ನದು ಒಳಗಡೆ ಸುಮ್ಮನಿತ್ತು.

ನನ್ನ ಗಿಲಾವಿನಲ್ಲಿ ನಡೆದದ್ದು ನೀರು ಆರಿದ್ದು ಮಾತ್ರ. ಅದು ಭೌತಿಕ ಬದಲಾವಣೆ. ನೀರು ಕೊಟ್ಟ ಕೂಡಲೇ ವಾಪಸ್ಸು ಕೆಸರು. ಬಿಗಿಯುವುದು ಅಂದರೆ ಬೇರೆ. ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಬೇಕು. ಆಗ ಹುಟ್ಟುವ ಸಣ್ಣ ಹರಳುಗಳು ಮರಳಿನ ಕಾಳುಗಳನ್ನು ಹಿಡಿದು ಕಟ್ಟುತ್ತವೆ. ಚಿಪ್ಪು ಸುಣ್ಣವಾಗಿ, ಅರಳಿ, ಗೋಡೆಯ ಮೇಲೆ ಮತ್ತೆ ಚಿಪ್ಪಿನ ವಸ್ತುವೇ ಆಗುತ್ತದೆ. ಮೂರೂ ರಾಸಾಯನಿಕ ಬದಲಾವಣೆ, ಆದರೂ ಹೊರಟಲ್ಲಿಗೇ ಬಂದು ನಿಂತಿತು. ಹಿಂದಕ್ಕೆ ತಿರುಗುತ್ತದೆಯೋ ಇಲ್ಲವೋ ಅನ್ನುವುದರಿಂದ ಭೌತಿಕ, ರಾಸಾಯನಿಕ ಅಂತ ಬೇರೆ ಮಾಡುವುದು ಸರಿಯಲ್ಲ. ಹೊಸ ವಸ್ತು ಹುಟ್ಟಿತೋ ಇಲ್ಲವೋ ಅಂತ ನೋಡಬೇಕು. ಮಕ್ಕಳಿಗೆ ಇದನ್ನು ಅರಿಶಿನದಲ್ಲೇ ತೋರಿಸಬಹುದು.

ಈ ಬದಲಾವಣೆಗೆ ನೀರು ಬೇಕು. ಇಂಗಾಲದ ಡೈಆಕ್ಸೈಡ್ ಮೊದಲು ನೀರಿನಲ್ಲಿ ಕರಗಬೇಕು, ಸುಣ್ಣವೂ ಅದೇ ನೀರಿನಲ್ಲಿ ಕರಗಬೇಕು, ಎರಡೂ ಅಲ್ಲಿ ಕೂಡಬೇಕು. ಪೂರ್ತಿ ಒಣಗಿಸಿದರೆ ಕೂಡಲು ಜಾಗವೇ ಇಲ್ಲ. ಹಾಗಂತ ತೊಟ್ಟಿಕ್ಕುವಷ್ಟು ಒದ್ದೆ ಇದ್ದರೂ ಆಗದು, ರಂಧ್ರದ ತುಂಬಾ ನೀರು ನಿಂತರೆ ಗಾಳಿ ಒಳಗೆ ನುಗ್ಗುವುದಿಲ್ಲ. ಹಂಡೆಯಲ್ಲಿ ಸುಣ್ಣ ಕೆಡದೆ ಇದ್ದದ್ದು ಅದಕ್ಕೇ. ಗೋಡೆಯಲ್ಲಿ ಬೇಕಾದದ್ದು ತೇವ. ಹಿಂಡಿ ಹರವಿದ ಬಟ್ಟೆಯಲ್ಲಿ ಸ್ವಲ್ಪ ಹೊತ್ತಿನ ಮೇಲೆ ಇರುತ್ತದಲ್ಲ, ಅಷ್ಟು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ಶೇಕಡಾ 0.04ರಷ್ಟು. ಹಾಗಾಗಿ ದಿನಗಳಲ್ಲ, ತಿಂಗಳುಗಳು ಬೇಕು. ಫ್ಯಾನ್ ಇಟ್ಟು ನಾನು ಅದರ ಕುತ್ತಿಗೆ ಹಿಸುಕಿದ್ದೆ.

ಬಳಿದದ್ದನ್ನೆಲ್ಲ ಕೆರೆದು ತೆಗೆದೆ.

ಡಿಸೆಂಬರ್ 14

ಎರಡನೇ ಸಲ. ಮೇಸ್ತ್ರಿ ಅಜ್ಜ ಕುರ್ಚಿ ಹಾಕಿಕೊಂಡು ಕೂತು ಹೇಳಿದರು, ನಾನು ಮಾಡಿದೆ.

ಕೆಳಪದರಕ್ಕೆ ಸುರ್ಕಿ ಹಾಕು ಅಂದರು. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ನಮ್ಮಲ್ಲಿ ಒಡೆದ ಹೆಂಚು ಬೇಕಾದಷ್ಟಿತ್ತು. ಕರಕಲಾದದ್ದು ಬಿಟ್ಟು ಹದವಾಗಿ ಬೆಂದದ್ದನ್ನು ಆರಿಸಿ, ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದೆ. ರಟ್ಟೆ ಬಿದ್ದುಹೋಯಿತು. ಆದರೆ ಅದರ ಕೆಲಸ ದೊಡ್ಡದು. ಸುಟ್ಟ ಜೇಡಿಯ ಒಳಗಿನ ಸಿಲಿಕಾ ಸುಣ್ಣದ ಜೊತೆ ನೇರವಾಗಿ ಕೂಡಿ ಗಟ್ಟಿಯಾಗುತ್ತದೆ. ಅದಕ್ಕೆ ಗಾಳಿ ಬೇಡ, ತೇವ ಸಾಕು. ಆದ್ದರಿಂದ ಗಾಳಿ ಬೇಗ ಮುಟ್ಟದ ಒಳಪದರಕ್ಕೂ, ನೀರಿನ ಕಟ್ಟಡಕ್ಕೂ ಇದು ತಕ್ಕದ್ದು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ.

ಗೋಡೆಗೆ ಹಿಂದಿನ ರಾತ್ರಿಯೂ ಬೆಳಿಗ್ಗೆಯೂ ನೀರು ಚಿಮುಕಿಸಿದೆ. ಕಲ್ಲು ಒಣಗಿದ್ದರೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು. ದಪ್ಪ 8 ಮಿಲಿಮೀಟರ್, ಜಾಸ್ತಿ ಇಲ್ಲ. ಕರಣಿಯಲ್ಲಿ ನುಣುಪು ಮಾಡಲು ಹೋದೆ, ಅಜ್ಜ ಕೈ ಹಿಡಿದರು. ನುಣುಪಾದ ಮೈ ಗಾಳಿಯನ್ನು ತಡೆಯುತ್ತದೆ, ಮುಂದಿನ ಪದರಕ್ಕೂ ಹಿಡಿತ ಸಿಗುವುದಿಲ್ಲ. ಗೀರು ಹಾಕಿ ಬಿಟ್ಟೆವು. ಬಿಸಿಲು ಬೀಳದ ಹಾಗೆ ಒದ್ದೆ ಗೋಣಿ ಇಳಿಬಿಟ್ಟೆ, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು. ದಿನಕ್ಕೆ ಎರಡು ಸಲ ಸ್ಪ್ರೇ ಬಾಟಲಿಯಲ್ಲಿ ಮಂಜಿನ ಹಾಗೆ ನೀರು. ಮಧ್ಯೆ ಒಂದಿಷ್ಟು ಹೊತ್ತು ಗೋಣಿ ತೆಗೆದು ಗಾಳಿ ಆಡಲು ಬಿಡುತ್ತಿದ್ದೆ.

ಡಿಸೆಂಬರ್ 28ಕ್ಕೆ ಎರಡನೇ ಪದರ, ಸುಣ್ಣ ಒಂದು, ಮರಳು ಮೂರು. ಸಣ್ಣ ಬಿರುಕು ಕಂಡಾಗಲೆಲ್ಲ ಮರದ ಉಜ್ಜು ಹಲಗೆಯಲ್ಲಿ ಒತ್ತಿ ಒತ್ತಿ ಮುಚ್ಚಿದೆ. ಜನವರಿ 12ಕ್ಕೆ ಮೂರನೆಯದು, ಸಣ್ಣ ಮರಳಿನ ತೆಳು ಪದರ. ಇದಕ್ಕೆ ಅಜ್ಜ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿದರು. ಸಕ್ಕರೆಯ ಅಂಶ ಇದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ. ಗಾರೆ ಕೈಗೆ ಮೆತ್ತಗೆ, ಎಣ್ಣೆ ಹಚ್ಚಿದ ಹಾಗೆ ಓಡಿತು. ಈ ಪದರದಲ್ಲಿ ಒಂದು ಬಿರುಕೂ ಬರಲಿಲ್ಲ.

ಬಿಲ್ಲೆಗಳ ತೂಕ

ಡಿಸೆಂಬರ್ 14ರಂದೇ ಸುಣ್ಣ ಒಂದು, ಮರಳು ಮೂರರ ಗಾರೆಯಲ್ಲಿ ಐದು ಬಿಲ್ಲೆ ಮಾಡಿದ್ದೆ. ಡಬ್ಬಿಯ ಮುಚ್ಚಳವೇ ಅಚ್ಚು. ಅಗಲ 14 ಸೆಂಟಿಮೀಟರ್, ದಪ್ಪ 12 ಮಿಲಿಮೀಟರ್. ಗೋಡೆಯ ಒಳಗೆ ಏನಾಗುತ್ತಿದೆ ಅಂತ ಗೋಡೆ ಒಡೆಯದೆ ತಿಳಿಯಲು. ಗೋಡೆಗೆ ಕೊಟ್ಟ ಆರೈಕೆಯನ್ನೇ ಅವಕ್ಕೂ ಕೊಟ್ಟೆ. ತೂಗುವ ಮೊದಲು ಎರಡು ದಿನ ಒಳಮನೆಯಲ್ಲಿ ನೀರು ಸೋಕಿಸದೆ ಇಡುತ್ತಿದ್ದೆ.

ಒಂದು ಬಿಲ್ಲೆಯ ಕಥೆ ಹೇಳುತ್ತೇನೆ. ಹಸಿ ಇದ್ದಾಗ 370 ಗ್ರಾಂ. ಎಂಟನೇ ದಿನ 322. ಹೋದ 48 ಗ್ರಾಂ ನೀರು, ಅದು ಬರೀ ಒಣಗುವಿಕೆ. ನಾನು ಮೊದಲ ಸಲ ಕೆಲಸ ಮುಗಿಯಿತು ಅಂದುಕೊಂಡದ್ದು ಇಲ್ಲೇ. ಆದರೆ ಮೂವತ್ತೆಂಟನೇ ದಿನ 326. ಅರವತ್ತೆಂಟನೇ ದಿನ 328. ತೊಂಬತ್ತೆಂಟನೇ ದಿನ, ಮಾರ್ಚ್ 22ಕ್ಕೆ, 329.

ಒಣಗಿದ ವಸ್ತು ಭಾರವಾಗುತ್ತಿದೆ. ನಾನು ಏನೂ ಸೇರಿಸಿಲ್ಲ. ಸೇರಿದ್ದು ಗಾಳಿ. ಅರಳಿದ ಸುಣ್ಣ 74 ಗ್ರಾಂ ಇದ್ದದ್ದು ಬಿಗಿದಾಗ 100 ಗ್ರಾಂ ಆಗುತ್ತದೆ. ನನ್ನ ಬಿಲ್ಲೆಯಲ್ಲಿ ಅಂದಾಜು 38 ಗ್ರಾಂ ಸುಣ್ಣ ಇದೆ, ಪೂರ್ತಿ ಬಿಗಿದರೆ ಸುಮಾರು 13 ಗ್ರಾಂ ಏರಬೇಕು. ಮೂರು ತಿಂಗಳಲ್ಲಿ 7 ಗ್ರಾಂ ಏರಿದೆ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದೇ ದಿನ ಇನ್ನೊಂದು ಬಿಲ್ಲೆ ಮುರಿದು ಅರಿಶಿನ ಹಚ್ಚಿದೆ. ಎರಡೂ ಕಡೆಯಿಂದ ಮೂರು ಮಿಲಿಮೀಟರ್ ಹಳದಿ, ನಡುವೆ ಕೆಂಪು ಪಟ್ಟಿ. ತಕ್ಕಡಿಯೂ ಅರಿಶಿನವೂ ಒಂದೇ ಮಾತು ಹೇಳಿದವು. ಆ ಹೊತ್ತಿಗೆ ನನಗಾದ ಸಂತೋಷ ಹೇಳತೀರದು.

ಏರಿಕೆ ತಿಂಗಳು ತಿಂಗಳಿಗೆ ಕಡಿಮೆಯಾಗುತ್ತಿದೆ ನೋಡಿ. ಮೊದಲ ಮೂವತ್ತು ದಿನಕ್ಕೆ 4, ಆಮೇಲೆ 2, ಆಮೇಲೆ 1. ಹೊರಗಿನ ಪದರ ಬಿಗಿದ ಮೇಲೆ ಗಾಳಿ ಅದನ್ನೇ ದಾಟಿ ಒಳಗೆ ಹೋಗಬೇಕು. ಒಳಗೆ ಹೋದಷ್ಟೂ ದಾರಿ ಉದ್ದ. ದಪ್ಪ ಗಿಲಾವನ್ನು ಒಂದೇ ಸಲ ಬಳಿಯಬಾರದು, ತೆಳ್ಳಗೆ ಬಳಿದು ನಡುನಡುವೆ ಬಿಡಬೇಕು ಅಂತ ಮೇಸ್ತ್ರಿ ಅಜ್ಜ ಹೇಳಿದ್ದಕ್ಕೆ ಕಾರಣ ಈ ಮೂರು ಅಂಕಿಯಲ್ಲಿದೆ.

ಏಪ್ರಿಲ್ 10

ಮೇಲೆ ಸುಣ್ಣ ಹೊಡೆಯುವುದು. ಹಾಲಿನಷ್ಟು ತೆಳ್ಳಗೆ, ಐದು ಕೈ. ಕುಂಚದಿಂದ ಹಚ್ಚುವಾಗ ನೀರು ಬಳಿದ ಹಾಗೆ, ಹಿಂದಿನದೆಲ್ಲ ಕಾಣುತ್ತಿತ್ತು. ಇದಕ್ಕೆ ಹೆದರಿ ದಪ್ಪ ಮಾಡಬಾರದು. ಒಣಗಿದ ಮೇಲೆ ರಂಧ್ರದಲ್ಲಿ ನೀರಿನ ಜಾಗಕ್ಕೆ ಗಾಳಿ ಬಂದಾಗ ಬೆಳಕು ಚೆದುರಿ ಬೆಳ್ಳಗೆ ಕಾಣುತ್ತದೆ. ಆ ಬಿಳುಪು ಒಂದೇ ದಿನದ್ದು. ಕೈಗೆ ಹತ್ತದಂತೆ ಆಗುವುದಕ್ಕೆ ಮಾತ್ರ ಗಾಳಿ ಮತ್ತು ತೇವ ಬೇಕು. ಒಂದೊಂದು ಕೈ ಆದಮೇಲೆ ಎರಡು ದಿನ ಬಿಟ್ಟು, ಸಂಜೆ ನೀರು ಚಿಮುಕಿಸಿದೆ. ಐದನೆಯದಾದ ಎರಡು ವಾರಕ್ಕೆ ಕಪ್ಪು ಬಟ್ಟೆಯಲ್ಲಿ ಉಜ್ಜಿ ನೋಡಿದೆ. ಬಟ್ಟೆಗೆ ಏನೂ ಹತ್ತಲಿಲ್ಲ.

ಆಗಸ್ಟ್ 17

ಜೂನ್ ಮೊದಲ ವಾರದಿಂದ ಮಳೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ, ಅದೂ ಪಡುವಣದಿಂದ ಇರಚಲು ಹೊಡೆಯುತ್ತಾ. ಗೋಡೆ ಒದ್ದೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಮಳೆ ಎರಡು ದಿನ ಬಿಟ್ಟರೆ ಮತ್ತೆ ಬೆಳ್ಳಗೆ. ಉಬ್ಬಿಲ್ಲ, ಟೊಳ್ಳು ಸದ್ದಿಲ್ಲ. ಬುಡದಲ್ಲಿ ಒಂದು ಕಡೆ ಬೆರಳಗಲ ಉಪ್ಪಿನ ಪುಡಿ ಹೊರಗೆ ಬಂದಿತ್ತು. ಅಮ್ಮ ಪೊರಕೆಯಲ್ಲಿ ಗುಡಿಸಿದಳು.

ಕಥೆ ಹೇಳಿದ ಆ ಬಿಲ್ಲೆ ಇನ್ನೂ ಅಟ್ಟದ ಮೇಲಿದೆ. ಒಲೆಯ ಹತ್ತಿರ ಎರಡು ದಿನ ಇಟ್ಟು ಇವತ್ತು ಬೆಳಿಗ್ಗೆ ತೂಗಿದೆ. 331 ಗ್ರಾಂ.